ಸೊಂಟದ ಕೀಲು ಬದಲಾವಣೆ: ಶಸ್ತ್ರಚಿಕಿತ್ಸೆಗೆ ಮುನ್ನ ಶರೀರವನ್ನು ಅಣಿಗೊಳಿಸುವ ಬಗೆ



ಸೊಂಟದ ಕೀಲು ಸವೆದು, ನಾಲ್ಕು ಹೆಜ್ಜೆ ನಡೆಯುವುದೂ ಯಾತನೆಯಾಗಿ, ಕಡೆಗೆ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಯೇ ಮಾರ್ಗವೆಂದು ತಜ್ಞವೈದ್ಯರು ನಿರ್ಣಯಿಸಿದ ಮೇಲೆ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಒಂದೇ ಬಗೆಯ ಸಂಗತಿ ನಡೆಯುತ್ತದೆ. ದಿನಾಂಕ ಗೊತ್ತಾದೊಡನೆ ಹಿರಿಯರು ಹಾಸಿಗೆ ಹಿಡಿಯುತ್ತಾರೆ. "ಹೇಗೂ ಕೀಲನ್ನೇ ಬದಲಿಸುತ್ತಾರಲ್ಲ, ಅಲ್ಲಿಯ ತನಕ ಅಲುಗಾಡದೆ ಮಲಗಿರಿ" ಎಂದು ಮಕ್ಕಳು, ಸೊಸೆಯಂದಿರು ಅಕ್ಕರೆಯಿಂದಲೇ ಹೇಳುತ್ತಾರೆ. ನೀರಿನ ಲೋಟವೂ ಕೈಗೇ ಬರುತ್ತದೆ. ಈ ಅಕ್ಕರೆಯಿಂದ ಹಿರಿಯರಿಗೆ ಆಗುವ ಹಾನಿ ಸಣ್ಣದಲ್ಲ. ಶಸ್ತ್ರಚಿಕಿತ್ಸೆಗೆ ಮುಂಚಿನ ಆರೆಂಟು ವಾರಗಳು ವಿಶ್ರಾಂತಿಯ ಕಾಲವಲ್ಲ, ಸಿದ್ಧತೆಯ ಕಾಲ. ಆ ಸಿದ್ಧತೆಯನ್ನು ಹೇಗೆ ಮಾಡಿಕೊಳ್ಳಬೇಕೆಂಬುದನ್ನು ಈ ಸಂಚಿಕೆಯಲ್ಲಿ ವಿವರಿಸಲು ಬಯಸುತ್ತೇವೆ.

ಪೂರ್ವಕರ್ಮದ ಮಹತ್ವ

ಸುಶ್ರುತಾಚಾರ್ಯರು ಚಿಕಿತ್ಸಾಕರ್ಮವನ್ನು ಪೂರ್ವಕರ್ಮ, ಪ್ರಧಾನಕರ್ಮ, ಪಶ್ಚಾತ್ಕರ್ಮ ಎಂದು ಮೂರು ಹಂತಗಳಾಗಿ ವಿಂಗಡಿಸಿದ್ದಾರೆ. ಶಸ್ತ್ರವನ್ನು ಕೈಗೆತ್ತಿಕೊಳ್ಳುವುದಕ್ಕೆ ಮೊದಲು ಮಾಡಬೇಕಾದ ಸಿದ್ಧತೆ ಪೂರ್ವಕರ್ಮ; ಶಸ್ತ್ರಕ್ರಿಯೆ ಪ್ರಧಾನಕರ್ಮ; ಅನಂತರದ ಆರೈಕೆ ಪಶ್ಚಾತ್ಕರ್ಮ. ಇವುಗಳಲ್ಲಿ ಪ್ರಧಾನಕರ್ಮವು ಇಂದು ಎಲುಬು ಮತ್ತು ಕೀಲು ತಜ್ಞರ ಕೈಯಲ್ಲಿದೆ. ಪೂರ್ವಕರ್ಮದ ಬಹುಭಾಗ ಮಾತ್ರ ರೋಗಿಯ ಕೈಯಲ್ಲಿಯೇ ಇದೆ. ಆಧುನಿಕ ವೈದ್ಯರು ಈಚೆಗೆ ಇದನ್ನು ಪೂರ್ವಪುನಶ್ಚೇತನವೆಂದು ಕರೆದು ಅದಕ್ಕೆ ಪ್ರತ್ಯೇಕ ಕ್ರಮವನ್ನೇ ರೂಪಿಸಿದ್ದಾರೆ. ಹೆಸರು ಹೊಸದು, ತತ್ತ್ವ ಹಳೆಯದು.

ಇಂದು ವಿಶ್ವಾದ್ಯಂತ ನಡೆಯುತ್ತಿರುವ ಸೊಂಟದ ಕೀಲು ಬದಲಾವಣೆಯ ವಿಧಾನಕ್ಕೆ ಭದ್ರ ಬುನಾದಿ ಹಾಕಿದವರು ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಶಸ್ತ್ರವೈದ್ಯ ಜಾನ್ ಚಾರ್ನ್ಲಿ. 1962ರಲ್ಲಿ ಅವರು ಉಕ್ಕಿನ ಗುಂಡು ಮತ್ತು ಪಾಲಿಎಥಿಲೀನ್ ಬಟ್ಟಲನ್ನು ಬಳಸಿ ಕಡಿಮೆ ಘರ್ಷಣೆಯ ಕೃತಕ ಕೀಲನ್ನು ಅಳವಡಿಸತೊಡಗಿದರು. ಅಂದಿನಿಂದ ಇಂದಿನವರೆಗೆ ಲೋಹ, ಪಿಂಗಾಣಿ, ಪ್ಲಾಸ್ಟಿಕ್ ಎಲ್ಲವೂ ಬಹಳಷ್ಟು ಸುಧಾರಿಸಿವೆ. ಆದರೆ ಒಂದು ಮಾತು ಬದಲಾಗಿಲ್ಲ. ಕೃತಕ ಕೀಲು ತಾನಾಗಿ ನಡೆಯಲಾರದು. ಅದನ್ನು ನಡೆಸುವುದು ಸುತ್ತಲಿನ ಮಾಂಸಪೇಶಿಗಳು. ಕೀಲನ್ನು ಆಸ್ಪತ್ರೆಯವರು ಕೊಡುತ್ತಾರೆ. ಪೇಶಿಗಳನ್ನು ನಾವೇ ಒಯ್ಯಬೇಕು.

ಕೀಲಿನ ರಚನೆ ಮತ್ತು ಪೇಶಿಗಳ ಕೆಲಸ

ಸೊಂಟದ ಕೀಲು ಬಟ್ಟಲಿನಲ್ಲಿ ಗುಂಡು ಕುಳಿತಂತಹ ರಚನೆ. ತೊಡೆಯೆಲುಬಿನ ಮೇಲ್ತುದಿಯ ಗುಂಡು ಶ್ರೋಣಿಯ ಎಲುಬಿನ ಗುಳಿಯಲ್ಲಿ ತಿರುಗುತ್ತದೆ. ಎರಡರ ನಡುವೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ಅದು ಸವೆದರೆ ಎಲುಬಿಗೆ ಎಲುಬು ಉಜ್ಜುತ್ತದೆ. ಆಯುರ್ವೇದದಲ್ಲಿ ಇದನ್ನು ಸಂಧಿಗತವಾತವೆನ್ನುತ್ತೇವೆ. ವಯಸ್ಸಿನ ಸವೆತವಲ್ಲದೆ ಆಮವಾತದಿಂದಲೂ, ಬೆನ್ನು ಮತ್ತು ಸೊಂಟ ಸೆಟೆದುಕೊಳ್ಳುವ ವ್ಯಾಧಿಯಿಂದಲೂ, ತೊಡೆಯೆಲುಬಿನ ಗುಂಡಿಗೆ ರಕ್ತಸಂಚಾರ ನಿಂತು ಅದು ಕುಸಿಯುವುದರಿಂದಲೂ ಕೀಲು ಕೆಡುತ್ತದೆ. ಕೊನೆಯದು ನಮ್ಮ ದೇಶದಲ್ಲಿ ಮೂವತ್ತು, ನಲವತ್ತರ ಹರೆಯದವರಲ್ಲಿಯೂ ಕಾಣುತ್ತದೆ. ಮದ್ಯಪಾನ ಮತ್ತು ಸ್ಟೀರಾಯ್ಡ್ ಔಷಧಗಳ ದೀರ್ಘ ಬಳಕೆ ಅದರ ಮುಖ್ಯ ಕಾರಣಗಳು. ಚೀಟಿಯಿಲ್ಲದ, ಹೆಸರಿಲ್ಲದ ಪುಡಿ ಗುಳಿಗೆಗಳನ್ನು "ನೋವಿಗೆ ರಾಮಬಾಣ" ಎಂದು ವರ್ಷಗಟ್ಟಲೆ ನುಂಗುವವರು ಇದನ್ನು ಗಮನಿಸಬೇಕು. ನುಂಗಿದ ಎರಡನೆಯ ದಿನವೇ ಸಕಲ ನೋವೂ ಮಾಯವಾದರೆ ಆ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿರುವ ಶಂಕೆಯನ್ನು ನಾವು ಪಡಲೇಬೇಕು.

ಕೀಲಿನ ಹೊರಪಕ್ಕದಲ್ಲಿ, ಪೃಷ್ಠದ ಮೇಲ್ಭಾಗದಲ್ಲಿ ಬೀಸಣಿಗೆಯಂತೆ ಹರಡಿಕೊಂಡ ಒಂದು ಪೇಶಿಯಿದೆ. ನಾವು ನಡೆಯುವಾಗ ಪ್ರತಿ ಹೆಜ್ಜೆಯಲ್ಲಿಯೂ ಒಂದು ಕ್ಷಣ ಒಂಟಿ ಕಾಲಿನ ಮೇಲೆ ನಿಂತಿರುತ್ತೇವೆ. ಆಗ ಸೊಂಟವು ಮತ್ತೊಂದು ಬದಿಗೆ ವಾಲದಂತೆ ಎಳೆದು ಹಿಡಿಯುವುದು ಈ ಪೇಶಿಯೇ. ಅದು ಹಾಗೆ ಎಳೆಯುವುದರಿಂದ, ಒಂಟಿ ಕಾಲಿನ ಮೇಲೆ ನಿಂತಾಗ ಕೀಲಿನ ಮೇಲೆ ಬೀಳುವ ಒತ್ತಡ ದೇಹದ ತೂಕದ ಎರಡೂವರೆಯಿಂದ ಮೂರು ಪಟ್ಟು ಆಗುತ್ತದೆ. ಅರವತ್ತು ಕಿಲೋ ತೂಗುವವರ ಕೀಲು ನೂರೈವತ್ತು ಕಿಲೋಗೂ ಮಿಕ್ಕ ಭಾರವನ್ನು ತಾಳಬೇಕು. ಈ ಪೇಶಿ ಸೋತಾಗ ನಡಿಗೆಯು ಬಾತುಕೋಳಿಯ ನಡಿಗೆಯಂತೆ ಅತ್ತಿತ್ತ ವಾಲುತ್ತದೆ. ಇನ್ನೆರಡು ಪ್ರಮುಖ ಪೇಶಿಗಳಲ್ಲಿ ಒಂದು ಪೃಷ್ಠದ ದೊಡ್ಡ ಪೇಶಿ. ಅದು ಕುಳಿತಲ್ಲಿಂದ ಏಳಲು, ಮೆಟ್ಟಿಲು ಹತ್ತಲು ಬೇಕು. ಇನ್ನೊಂದು ತೊಡೆಯ ಮುಂಭಾಗದ ಪೇಶಿ. ಮೊಣಕಾಲು ಮುದುರಿಕೊಳ್ಳದಂತೆ ಕಾಯುವುದು ಅದು.

ನೋವಿರುವ ಕಾಲನ್ನು ನಾವು ಅರಿಯದೆಯೇ ಕಡಿಮೆ ಬಳಸುತ್ತೇವೆ. ಬಳಸದ ಪೇಶಿ ಕ್ಷೀಣಿಸುತ್ತದೆ. ಪೇಶಿ ಕ್ಷೀಣಿಸಿದಷ್ಟೂ ಕೀಲಿಗೆ ಆಧಾರ ತಪ್ಪಿ ನೋವು ಹೆಚ್ಚುತ್ತದೆ. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಆರೋಗ್ಯವಂತರಾದ ವೃದ್ಧರನ್ನು ಹತ್ತು ದಿನ ಹಾಸಿಗೆಯಲ್ಲಿಯೇ ಇರಿಸಿ ಪರೀಕ್ಷಿಸಿದಾಗ, ಅವರ ಕಾಲುಗಳಲ್ಲಿ ಸರಾಸರಿ ಒಂದು ಕಿಲೋಗ್ರಾಮಿನಷ್ಟು ಮಾಂಸಧಾತು ಕರಗಿಹೋಗಿತ್ತು. ರೋಗವಿಲ್ಲದವರಿಗೇ ಹತ್ತು ದಿನಗಳಲ್ಲಿ ಈ ನಷ್ಟವಾದರೆ, ನೋವಿನಿಂದ ಎರಡು ತಿಂಗಳು ಮಲಗಿದವರ ಪಾಡನ್ನು ಊಹಿಸಬಹುದು.

ವ್ಯಾಯಾಮದಿಂದ ಏನು ಫಲ, ಏನಲ್ಲ?

ಈ ವ್ಯಾಯಾಮಗಳು ಸವೆದ ಕೀಲನ್ನು ಮೊದಲಿನಂತೆ ಮಾಡುವುದಿಲ್ಲ. ಎಲುಬಿಗೆ ಎಲುಬು ತಾಗಿದ ಬಳಿಕ ಎಣ್ಣೆಯಾಗಲಿ, ಕಷಾಯವಾಗಲಿ, ಬಸ್ತಿಯಾಗಲಿ ಕಳೆದುಹೋದ ಮೃದ್ವಸ್ಥಿಯನ್ನು ಮರಳಿ ಬೆಳೆಸಲಾರವು. ಆಯುರ್ವೇದ ವೈದ್ಯರಾಗಿಯೇ ಈ ಮಾತನ್ನು ಸ್ಪಷ್ಟವಾಗಿ ಹೇಳುತ್ತೇವೆ. ಆರಂಭದ ಹಂತದಲ್ಲಿ ಸ್ನೇಹ, ಸ್ವೇದ, ಪಥ್ಯಗಳಿಂದ ಬಹಳಷ್ಟು ಶಮನವುಂಟು. ಕೊನೆಯ ಹಂತದಲ್ಲಿ ಶಸ್ತ್ರಚಿಕಿತ್ಸೆಯನ್ನು ಮುಂದೂಡುತ್ತ ಹೋಗುವುದರಿಂದ ಪೇಶಿಗಳೂ ನಷ್ಟವಾಗುತ್ತವೆ.

ಮೊದಲೇ ವ್ಯಾಯಾಮ ಮಾಡಿದವರಿಗೆ ದೊರೆಯುವ ಲಾಭ ಮುಖ್ಯವಾಗಿ ಶಸ್ತ್ರಚಿಕಿತ್ಸೆಯ ನಂತರದ ಮೊದಲ ವಾರಗಳದು. ಅವರು ಬೇಗ ಏಳುತ್ತಾರೆ, ಬೇಗ ಶೌಚಕ್ಕೆ ತಾವೇ ಹೋಗುತ್ತಾರೆ, ವಾಕರ್ ಹಿಡಿಯುವುದು ಅವರಿಗೆ ಹೊಸದೆನಿಸುವುದಿಲ್ಲ. ವರ್ಷ ಕಳೆದ ಮೇಲೆ, ವ್ಯಾಯಾಮ ಮಾಡಿದವರಿಗೂ ಮಾಡದವರಿಗೂ ಇರುವ ಅಂತರ ಕಿರಿದಾಗುತ್ತದೆ. ಆದರೂ ಆ ಮೊದಲ ವಾರಗಳನ್ನು ಸಣ್ಣದೆಂದು ಭಾವಿಸಬಾರದು. ಬೀಳುವ ಭಯ, ಮಲಗಿ ಹುಣ್ಣಾಗುವ ಭಯ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ, ಕಫ ಕಟ್ಟುವ ಭಯ ಎಲ್ಲವೂ ಆ ವಾರಗಳಲ್ಲಿಯೇ ಹೆಚ್ಚು. ಪರರ ಕೈ ನೋಡದೆ ಸ್ನಾನ ಶೌಚ ಮುಗಿಸಿಕೊಳ್ಳುವುದು ಎಪ್ಪತ್ತರ ಹಿರಿಯರಿಗೆ ಎಷ್ಟು ದೊಡ್ಡ ಸಮಾಧಾನವೆಂಬುದನ್ನು ಮನೆಯಲ್ಲಿ ಹಿರಿಯರಿರುವವರೆಲ್ಲ ಬಲ್ಲರು.

ಒಂದು ಎಚ್ಚರಿಕೆ ಇಲ್ಲಿಯೇ ಇರಲಿ. ಜಾರಿ ಬಿದ್ದು ತೊಡೆಯೆಲುಬಿನ ಕತ್ತು ಮುರಿದವರಿಗೆ ಈ ಲೇಖನ ಅನ್ವಯಿಸುವುದಿಲ್ಲ. ಅವರಿಗೆ ಸಿದ್ಧತೆಯ ಕಾಲವಿಲ್ಲ. ಒಂದೆರಡು ದಿನಗಳೊಳಗೆ ಶಸ್ತ್ರಚಿಕಿತ್ಸೆ ಆಗುವುದೇ ಲೇಸು. ಅಂತಹವರನ್ನು ಎಲುಬು ಕಟ್ಟುವವರ ಬಳಿಗೆ ಕರೆದೊಯ್ದು ವಾರಗಟ್ಟಲೆ ಮಲಗಿಸುವುದು ಪ್ರಾಣಕ್ಕೇ ಎರವಾಗಬಹುದು.

ಆರಂಭಿಸುವ ಮುನ್ನ ಪಾಲಿಸಬೇಕಾದ ನಿಯಮಗಳು

ಶಸ್ತ್ರಚಿಕಿತ್ಸೆಗೆ ಆರರಿಂದ ಎಂಟು ವಾರ ಮುಂಚೆ ಆರಂಭಿಸುವುದು ಉತ್ತಮ. ನಾಲ್ಕೇ ವಾರ ಉಳಿದಿದ್ದರೂ ಆರಂಭಿಸಬಹುದು. ಮೊದಲು ನಿಮ್ಮ ಶಸ್ತ್ರವೈದ್ಯರಿಗೆ ತಿಳಿಸಿ, ಸಾಧ್ಯವಾದರೆ ಫಿಸಿಯೋಥೆರಪಿಸ್ಟರಿಂದ ಒಮ್ಮೆ ಪ್ರತ್ಯಕ್ಷವಾಗಿ ಕಲಿಯಿರಿ. ಹೃದ್ರೋಗ, ಹತೋಟಿಗೆ ಬಾರದ ರಕ್ತದೊತ್ತಡ, ಈಚೆಗೆ ಆದ ಪಾರ್ಶ್ವವಾಯು ಇರುವವರು ವೈದ್ಯರ ಅನುಮತಿಯಿಲ್ಲದೆ ಮಾಡಬಾರದು. ತೊಡೆಯೆಲುಬಿನ ಗುಂಡು ಕುಸಿಯುತ್ತಿರುವವರು ನಿಂತು ಮಾಡುವ ವ್ಯಾಯಾಮಗಳ ಬಗ್ಗೆ ವಿಶೇಷವಾಗಿ ಕೇಳಿ ತಿಳಿಯಬೇಕು.

ಎಷ್ಟು ಮಾಡಬೇಕು? ಆಯುರ್ವೇದ ಹೇಳುವುದು ಅರ್ಧಶಕ್ತಿಯ ವ್ಯಾಯಾಮವನ್ನು. ಹಣೆ ಮತ್ತು ಕಂಕುಳಲ್ಲಿ ಬೆವರು ಮೂಡಿ, ಬಾಯಿ ತುಸು ಒಣಗಿ, ಉಸಿರು ಬಾಯಿಯಿಂದ ಬರತೊಡಗಿದರೆ ಅರ್ಧಶಕ್ತಿ ವ್ಯಯವಾಯಿತೆಂದು ತಿಳಿದು ನಿಲ್ಲಿಸಬೇಕು. ಇಂದಿನವರು ಹೇಳುವ ಪರೀಕ್ಷೆಯೂ ಇದಕ್ಕೆ ಹತ್ತಿರದ್ದೇ: ವ್ಯಾಯಾಮದ ನಡುವೆ ಮಾತನಾಡಲು ಆಗುತ್ತಿರಬೇಕು.

ನೋವಿನ ವಿಷಯದಲ್ಲಿ ಸರಳ ಅಳತೆಯೊಂದಿದೆ. ವ್ಯಾಯಾಮದ ವೇಳೆ ಅಲ್ಪ ನೋವು ಸಹಜ. ಅದು ಒಂದೆರಡು ತಾಸಿನಲ್ಲಿ ಇಳಿಯಬೇಕು. ಮರುದಿನ ಬೆಳಿಗ್ಗೆಯೂ ಹೆಚ್ಚಿದ ನೋವು ಉಳಿದಿದ್ದರೆ ಹಿಂದಿನ ದಿನ ಮಾಡಿದ್ದು ಅತಿಯಾಯಿತೆಂದು ಅರ್ಥ. ಆಗ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಬೇಕು, ಪೂರ್ತಿ ಬಿಡಬೇಕಾಗಿಲ್ಲ. ಉಸಿರು ಬಿಗಿಹಿಡಿಯಬಾರದು. ಪ್ರಯತ್ನ ಹಾಕುವಾಗ ಉಸಿರು ಬಿಡಿ, ಸಡಿಲಿಸುವಾಗ ಎಳೆದುಕೊಳ್ಳಿ. ಊಟವಾಗಿ ಎರಡು ತಾಸು ಕಳೆದಿರಲಿ. ಎರಡೂ ಕಾಲುಗಳಿಂದ ಮಾಡಿ. ಒಳ್ಳೆಯ ಕಾಲೇ ಮೊದಲ ವಾರಗಳಲ್ಲಿ ಹೆಚ್ಚಿನ ಭಾರ ಹೊರಬೇಕಾಗಿದೆ.

ಮಲಗಿ ಮಾಡುವ ವ್ಯಾಯಾಮಗಳು: ಮೊದಲ ಎರಡು ವಾರ

ನೆಲದ ಮೇಲೆ ಇಳಿಯಬೇಕಿಲ್ಲ. ಗಟ್ಟಿ ಗಾದಿಯ ಮಂಚವೇ ಸಾಕು. ಪ್ರತಿಯೊಂದನ್ನೂ ಹತ್ತು ಸಲ, ಬೆಳಿಗ್ಗೆ ಮತ್ತು ಸಂಜೆ ಮಾಡಬೇಕು.

1. ಪಾದದ ಚಲನೆ: ಅಂಗಾತ ಮಲಗಿ ಎರಡೂ ಪಾದಗಳನ್ನು ತಮ್ಮ ಕಡೆಗೆ ಎಳೆದುಕೊಂಡು ಮತ್ತೆ ಮುಂದಕ್ಕೆ ಚಾಚಿರಿ. ಮೀನಖಂಡದ ಪೇಶಿ ಹಿಂಡಿದಾಗ ಕಾಲಿನ ರಕ್ತ ಮೇಲಕ್ಕೆ ಹರಿಯುತ್ತದೆ. ಶಸ್ತ್ರಚಿಕಿತ್ಸೆಯ ದಿನ ಎಚ್ಚರವಾದೊಡನೆ ನಿಮ್ಮಿಂದ ಮಾಡಿಸುವ ಮೊದಲ ವ್ಯಾಯಾಮ ಬಹುಶಃ ಇದೇ.

2. ತೊಡೆ ಬಿಗಿಯುವುದು: ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮೊಣಕಾಲಿನಿಂದ ಅದನ್ನು ಕೆಳಕ್ಕೆ ಒತ್ತಿರಿ. ತೊಡೆಯ ಮುಂಭಾಗ ಗಟ್ಟಿಯಾಗುವುದನ್ನು ಕೈಯಿಂದ ಮುಟ್ಟಿ ನೋಡಿರಿ. ಐದು ಎಣಿಸಿ ಸಡಿಲಿಸಿರಿ.

3. ಪೃಷ್ಠ ಬಿಗಿಯುವುದು: ಎರಡೂ ಪೃಷ್ಠಗಳನ್ನು ಒಂದಕ್ಕೊಂದು ಹಿಂಡಿದಂತೆ ಬಿಗಿದು, ಐದು ಎಣಿಸಿ ಬಿಡಿರಿ. ಅತಿಯಾದ ನೋವಿರುವವರೂ ಇದನ್ನು ಮಾಡಬಲ್ಲರು.

4. ಹಿಮ್ಮಡಿ ಜಾರಿಸುವುದು: ಹಿಮ್ಮಡಿಯನ್ನು ಹಾಸಿಗೆಯ ಮೇಲೆಯೇ ಜಾರಿಸುತ್ತ ಮೊಣಕಾಲು ಮಡಿಸಿ, ನೋವಿಲ್ಲದ ಮಿತಿಯವರೆಗೆ ತಂದು ಮತ್ತೆ ಚಾಚಿರಿ.

5. ಕಾಲನ್ನು ಪಕ್ಕಕ್ಕೆ ಸರಿಸುವುದು: ಅಂಗಾತ ಮಲಗಿಯೇ, ಕಾಲ್ಬೆರಳುಗಳು ಮೇಲ್ಮುಖವಾಗಿರುವಂತೆ ಕಾಲನ್ನು ಹೊರಬದಿಗೆ ಸರಿಸಿ ಮರಳಿ ತನ್ನಿರಿ. ಹಿಂದೆ ಹೇಳಿದ ಬೀಸಣಿಗೆಯಾಕಾರದ ಪೇಶಿಗೆ ಇದು ಮೊದಲ ಪಾಠ. ಜಾರುವಿಕೆ ಸುಲಭವಾಗಲೆಂದು ಹಿಮ್ಮಡಿಯ ಕೆಳಗೆ ನುಣುಪಾದ ಬಟ್ಟೆ ಇಡಬಹುದು.

6. ಸೇತುವೆ: ಎರಡೂ ಮೊಣಕಾಲು ಮಡಿಸಿ, ಪಾದಗಳನ್ನು ಊರಿ, ಪೃಷ್ಠವನ್ನು ಮೆಲ್ಲಗೆ ಮೇಲೆತ್ತಿ ಮೂರು ಎಣಿಸಿ ಇಳಿಸಿರಿ. ಯೋಗಾಭ್ಯಾಸಿಗಳು ಬಲ್ಲ ಸೇತುಬಂಧಾಸನದ ಅರ್ಧ ಎತ್ತರ ಸಾಕು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲದ ಪಾತ್ರೆ ಇಡುವಾಗ, ಸೀರೆ ಧೋತರ ಬದಲಿಸುವಾಗ ಇದೇ ಚಲನೆ ಬೇಕಾಗುವುದು.

ಕುಳಿತು ಮಾಡುವ ವ್ಯಾಯಾಮಗಳು: ಮೂರನೆಯ ವಾರದಿಂದ

ತೋಳುಗಳಿರುವ, ಚಕ್ರಗಳಿಲ್ಲದ, ಗಟ್ಟಿ ಕುರ್ಚಿ ಬೇಕು. ಅದನ್ನು ಗೋಡೆಗೆ ತಾಗಿಸಿ ಇಡಿರಿ.

1. ಮೊಣಕಾಲು ನೀಡುವುದು: ಕುಳಿತಲ್ಲಿಯೇ ಒಂದು ಕಾಲನ್ನು ನೇರವಾಗಿ ಮುಂದಕ್ಕೆ ನೀಡಿ, ಐದು ಎಣಿಸಿ, ಮೆಲ್ಲಗೆ ಇಳಿಸಿರಿ.

2. ಕೈಯೂರಿ ಏಳುವುದು: ಕುರ್ಚಿಯ ತೋಳುಗಳ ಮೇಲೆ ಅಂಗೈಯೂರಿ, ಕೈಬಲದಿಂದ ಪೃಷ್ಠವನ್ನು ಅಂಗುಲದಷ್ಟು ಎತ್ತಿ ಇಳಿಸಿರಿ. ಇದು ಕಾಲಿನ ವ್ಯಾಯಾಮವಲ್ಲ, ಕೈಯದು. ವಾಕರ್ ಹಿಡಿದು ನಡೆಯುವಾಗ ದೇಹದ ಭಾರದ ಒಂದು ಪಾಲನ್ನು ತೋಳುಗಳು ಹೊರಬೇಕು. ಕಾಲಿಗೆ ಮಾತ್ರ ವ್ಯಾಯಾಮ ಮಾಡಿ ಕೈಯನ್ನು ಮರೆತವರು ವಾಕರ್ ಹಿಡಿದ ಮೊದಲ ದಿನವೇ ಭುಜ ನೋವೆಂದು ಬಳಲುವುದನ್ನು ನಾವು ಕಂಡಿದ್ದೇವೆ.

3. ಕುಳಿತು ನಿಲ್ಲುವುದು: ಕುರ್ಚಿಯ ಮೇಲೆ ಗಟ್ಟಿ ದಿಂಬಿಟ್ಟು ಎತ್ತರಿಸಿಕೊಳ್ಳಿ. ಅಂಚಿಗೆ ಸರಿದು, ಕುರ್ಚಿಯ ತೋಳನ್ನು ಒತ್ತಿ ನಿಂತು, ಮೆಲ್ಲಗೆ ಕುಳಿತುಕೊಳ್ಳಿ. ಐದರಿಂದ ಆರಂಭಿಸಿ ಹತ್ತಕ್ಕೆ ಏರಿಸಿ. ಬಲ ಬಂದಂತೆ ಕೈಯ ಆಸರೆಯನ್ನು ಕಡಿಮೆ ಮಾಡಬಹುದು. ಇಡೀ ಪಟ್ಟಿಯಲ್ಲಿ ಒಂದೇ ವ್ಯಾಯಾಮಕ್ಕೆ ಸಮಯವಿದೆ ಎನ್ನುವವರು ಇದನ್ನೇ ಮಾಡಲಿ.

ನಿಂತು ಮಾಡುವ ವ್ಯಾಯಾಮಗಳು: ಐದನೆಯ ವಾರದಿಂದ

ಅಡುಗೆಮನೆಯ ಕಟ್ಟೆ ಅಥವಾ ಅಲುಗದ ಮೇಜನ್ನು ಎರಡೂ ಕೈಗಳಿಂದ ಹಿಡಿದಿರಬೇಕು. ದಿನ ಬಿಟ್ಟು ದಿನ ಮಾಡಿದರೆ ಸಾಕು.

ಮೊದಲನೆಯದಾಗಿ, ಬೆನ್ನು ನೆಟ್ಟಗಿಟ್ಟು ಒಂದು ಕಾಲನ್ನು ಪಕ್ಕಕ್ಕೆ ಎತ್ತಿ ಇಳಿಸಿರಿ. ಎರಡನೆಯದಾಗಿ, ಮುಂದಕ್ಕೆ ಬಾಗದೆ ಕಾಲನ್ನು ಹಿಂದಕ್ಕೆ ಚಾಚಿರಿ. ಮೂರನೆಯದಾಗಿ, ಹಿಮ್ಮಡಿಗಳನ್ನು ಎತ್ತಿ ಮುಂಗಾಲಿನ ಮೇಲೆ ನಿಂತು ಇಳಿಯಿರಿ. ನಾಲ್ಕನೆಯದಾಗಿ, ಕುರ್ಚಿಯಲ್ಲಿ ಕೂರಲು ಹೊರಟವರಂತೆ ಮೊಣಕಾಲುಗಳನ್ನು ಸ್ವಲ್ಪವೇ ಬಾಗಿಸಿ ನೇರವಾಗಿರಿ. ನೋವಿರುವ ಕಾಲಿನ ಮೇಲೆಯೇ ಪೂರ್ತಿ ಭಾರ ಬಿಟ್ಟು ಇನ್ನೊಂದನ್ನು ಎತ್ತಲು ಆಗದಿದ್ದರೆ ಹಟ ಮಾಡಬೇಡಿ. ಆ ಒಂದು ಬದಿಗೆ ಮಲಗಿ ಮಾಡುವ ವ್ಯಾಯಾಮವನ್ನೇ ಮುಂದುವರಿಸಿ. ಬಸ್ಕಿ ಹೊಡೆಯುವುದು, ಪದ್ಮಾಸನ, ವಜ್ರಾಸನ, ಸೊಂಟವನ್ನು ತಿರುಚುವ ಆಸನಗಳು ಈ ಕಾಲದಲ್ಲಿ ವರ್ಜ್ಯ.

ಊರುಗೋಲು ಯಾವ ಕೈಯಲ್ಲಿ?

ನಮ್ಮ ಬಳಿ ಬರುವ ಹತ್ತು ಮಂದಿಯಲ್ಲಿ ಬಹುಪಾಲು ಜನ ಊರುಗೋಲನ್ನು ನೋವಿರುವ ಬದಿಯ ಕೈಯಲ್ಲಿಯೇ ಹಿಡಿದಿರುತ್ತಾರೆ. ಅದು ತಪ್ಪು. ಬಲಗಾಲಿನ ಕೀಲು ನೋವಿದ್ದರೆ ಕೋಲು ಎಡಗೈಯಲ್ಲಿರಬೇಕು. ಬಲಗಾಲನ್ನು ಮುಂದಿಡುವಾಗಲೇ ಎಡಗೈಯ ಕೋಲೂ ಮುಂದೆ ಹೋಗಬೇಕು. ಹೀಗೆ ಮಾಡಿದಾಗ ಎಡಬದಿಯ ಸೊಂಟ ವಾಲದಂತೆ ಕೋಲು ಆನಿಸುತ್ತದೆ. ಬಲಬದಿಯ ಪೇಶಿ ಅಷ್ಟು ಬಿಗಿಯಾಗಿ ಎಳೆಯಬೇಕಾಗುವುದಿಲ್ಲ. ಕೀಲಿನ ಮೇಲಣ ಒತ್ತಡವೂ ಇಳಿಯುತ್ತದೆ. ನೇರವಾಗಿ ನಿಂತು ತೋಳು ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕಿರಬೇಕು.

ವಾಕರನ್ನೂ ಮೊದಲೇ ತಂದು ಹದಿನೈದು ದಿನ ಅಭ್ಯಾಸ ಮಾಡಿರಿ. ಕ್ರಮ ಇಷ್ಟೇ: ಮೊದಲು ವಾಕರ್, ಆಮೇಲೆ ಶಸ್ತ್ರಚಿಕಿತ್ಸೆಯಾಗುವ ಕಾಲು, ಆಮೇಲೆ ಒಳ್ಳೆಯ ಕಾಲು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು. ಇಳಿಯುವಾಗ ನೋವಿನ ಕಾಲು ಮೊದಲು.

ಶ್ವಾಸ ಮತ್ತು ವ್ಯಸನ

ದಿನಕ್ಕೆರಡು ಬಾರಿ ಹತ್ತು ನಿಮಿಷ ನಿಧಾನವಾದ ದೀರ್ಘಶ್ವಾಸ, ಅನುಲೋಮ ವಿಲೋಮ ಮಾಡುವುದು ಹಿತ. ರಕ್ತದೊತ್ತಡವಿರುವವರು ಕುಂಭಕ ಮಾಡಬಾರದು. ಬೀಡಿ, ಸಿಗರೇಟು, ಗುಟ್ಕಾ, ಹೊಗೆಸೊಪ್ಪನ್ನು ಕನಿಷ್ಠ ನಾಲ್ಕು ವಾರ ಮುಂಚೆ ಬಿಡಬೇಕು. ತಂಬಾಕು ಸಣ್ಣ ರಕ್ತನಾಳಗಳನ್ನು ಸಂಕುಚಿತಗೊಳಿಸುವುದರಿಂದ ಗಾಯ ಮಾಯುವುದು ತಡವಾಗುತ್ತದೆ, ಸೋಂಕಿನ ಸಂಭವ ಹೆಚ್ಚುತ್ತದೆ. ಎಲೆಯಡಿಕೆಯೊಡನೆ ತಂಬಾಕು ಮೆಲ್ಲುವ ನಮ್ಮ ತಾಯಂದಿರಿಗೂ ಈ ಮಾತು ಅನ್ವಯಿಸುತ್ತದೆ.

ಆಹಾರ: ಶಾಕಾಹಾರಿಗಳು ಗಮನಿಸಬೇಕಾದ್ದು

ವ್ಯಾಯಾಮ ಮಾಡಿ ಊಟ ಕಡಿಮೆ ಮಾಡಿದರೆ ಪೇಶಿ ಬೆಳೆಯುವುದಿಲ್ಲ. ಈ ಕಾಲದಲ್ಲಿ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.2 ಗ್ರಾಂ ಪ್ರೋಟೀನು ಬೇಕು. ಅರವತ್ತು ಕಿಲೋ ತೂಗುವವರಿಗೆ ಎಪ್ಪತ್ತು ಗ್ರಾಂ ಆಯಿತು. ಅನ್ನ, ತಿಳಿಸಾರು, ಮಜ್ಜಿಗೆಯ ಊಟದಲ್ಲಿ ಇದರ ಅರ್ಧವೂ ದೊರೆಯಲಾರದು. ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 8 ಗ್ರಾಂ, ಮೂವತ್ತು ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 7 ಗ್ರಾಂ, ಒಂದು ಹಿಡಿ ಶೇಂಗಾದಲ್ಲಿ ಅಷ್ಟೇ, ನೂರು ಗ್ರಾಂ ಪನ್ನೀರಿನಲ್ಲಿ ಸುಮಾರು 18 ಗ್ರಾಂ ಪ್ರೋಟೀನು ಇದೆ. ಜೋಳದ ರೊಟ್ಟಿಯೊಡನೆ ಮಡಕಿ ಕಾಳಿನ ಅಥವಾ ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಮಲಗುವಾಗ ಹಾಲು. ಹೀಗೆ ಮೂರು ಹೊತ್ತಿಗೂ ಹಂಚಿಕೊಳ್ಳಬೇಕು. ಮೂತ್ರಪಿಂಡದ ವ್ಯಾಧಿಯಿರುವವರು ಮಾತ್ರ ತಮ್ಮ ವೈದ್ಯರನ್ನು ಕೇಳಿಯೇ ಪ್ರೋಟೀನು ಹೆಚ್ಚಿಸಬೇಕು.

ಶ್ರಾವಣ ಸೋಮವಾರ, ಶಿವರಾತ್ರಿಗಳು ಈ ಅವಧಿಯಲ್ಲಿ ಬಂದರೆ ಪೂರ್ಣ ಉಪವಾಸ ಬೇಡ. ಹಾಲು ಹಣ್ಣುಗಳಿಂದ ವ್ರತವನ್ನು ನಡೆಸಿಕೊಳ್ಳಬಹುದು. ತೂಕ ಹೆಚ್ಚಿರುವವರು ಸಕ್ಕರೆ, ಕರಿದ ತಿಂಡಿಗಳನ್ನು ಬಿಟ್ಟು ತೂಕ ಇಳಿಸಬೇಕೇ ಹೊರತು ಕಾಳುಬೇಳೆಗಳನ್ನು ಬಿಟ್ಟಲ್ಲ.

ರಕ್ತಪರೀಕ್ಷೆಯನ್ನು ಕೊನೆಯ ವಾರಕ್ಕೆ ಬಿಡದೆ ಈಗಲೇ ಮಾಡಿಸಿ. ಹಿಮೋಗ್ಲೋಬಿನ್ ಸ್ತ್ರೀಯರಲ್ಲಿ 12, ಪುರುಷರಲ್ಲಿ 13 ಗ್ರಾಮಿಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಅದನ್ನು ಸರಿಪಡಿಸಲು ವಾರಗಳೇ ಬೇಕು. ಮಧುಮೇಹಿಗಳ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರುವ ಎಚ್‌ಬಿಎ1ಸಿ ಪರೀಕ್ಷೆಯ ಅಂಕ ಸಾಮಾನ್ಯವಾಗಿ 8ಕ್ಕಿಂತ ಕೆಳಗಿರಬೇಕೆಂದು ಶಸ್ತ್ರವೈದ್ಯರು ಬಯಸುತ್ತಾರೆ. ಹುಳುಕು ಹಲ್ಲು, ಉರಿಮೂತ್ರ, ಕಾಲಿನ ಹುಣ್ಣುಗಳಿದ್ದರೆ ಮೊದಲೇ ಗುಣಪಡಿಸಿಕೊಳ್ಳಬೇಕು. ಎಲ್ಲಿಯೋ ಅಡಗಿದ ಸೋಂಕು ರಕ್ತದ ಮೂಲಕ ಹೊಸ ಕೀಲಿಗೆ ತಲುಪಬಲ್ಲದು.

ಆಯುರ್ವೇದ ಔಷಧಗಳ ವಿಷಯ

ಆರಂಭದ ವಾರಗಳಲ್ಲಿ ವ್ಯಾಯಾಮಕ್ಕೆ ಮುನ್ನ ಮಹಾನಾರಾಯಣ ತೈಲದಂತಹ ವಾತಹರ ತೈಲವನ್ನು ಬೆಚ್ಚಗೆ ಮಾಡಿ ಸೊಂಟ, ತೊಡೆಗಳಿಗೆ ಮೃದುವಾಗಿ ಸವರಿ ಬಿಸಿನೀರಿನ ಶಾಖ ಕೊಡಬಹುದು. ಬಿಗಿದ ಪೇಶಿಗಳು ಸಡಿಲವಾಗಿ ವ್ಯಾಯಾಮ ಸುಗಮವಾಗುತ್ತದೆ. ಬಲವಾಗಿ ತಿಕ್ಕುವುದು, ಕೀಲನ್ನು ಎಳೆಯುವುದು ಕೂಡದು. ಕೊನೆಯ ಹತ್ತು ದಿನ ಎಣ್ಣೆ, ಲೇಪ, ಕಾಸಿದ ಇಟ್ಟಿಗೆಯ ಶಾಖ ಎಲ್ಲವನ್ನೂ ನಿಲ್ಲಿಸಬೇಕು. ಚರ್ಮದ ಮೇಲೆ ಒಂದು ಸುಟ್ಟ ಬೊಕ್ಕೆಯೋ ಕುರುವೋ ಕಂಡರೂ ಶಸ್ತ್ರಚಿಕಿತ್ಸೆಯನ್ನು ಮುಂದೂಡುವ ಸಂಭವವಿದೆ.

ಒಳಗೆ ಸೇವಿಸುವ ಗುಗ್ಗುಲು ಕಲ್ಪಗಳು, ಅಶ್ವಗಂಧ, ಹೆಚ್ಚಿನ ಪ್ರಮಾಣದ ಅರಿಶಿನ, ಬೆಳ್ಳುಳ್ಳಿಯ ಗುಳಿಗೆಗಳು ರಕ್ತ ಹೆಪ್ಪುಗಟ್ಟುವಿಕೆಯ ಮೇಲೆ ಅಥವಾ ಅರಿವಳಿಕೆಯ ಮೇಲೆ ಪರಿಣಾಮ ಬೀರಬಹುದು. ಇವುಗಳನ್ನು ಸಾಮಾನ್ಯವಾಗಿ ಎರಡು ವಾರ ಮುಂಚೆ ನಿಲ್ಲಿಸುವುದು ಕ್ಷೇಮ. "ಆಯುರ್ವೇದ ಔಷಧವಲ್ಲವೇ, ಹೇಳುವ ಅಗತ್ಯವೇನು" ಎಂದು ಅರಿವಳಿಕೆ ತಜ್ಞರಿಂದ ಮುಚ್ಚಿಡಬಾರದು. ಅಡುಗೆಯಲ್ಲಿ ಬಳಸುವ ಅರಿಶಿನ, ಬೆಳ್ಳುಳ್ಳಿಗಳಿಗೆ ಈ ನಿಷೇಧವಿಲ್ಲ. ರಕ್ತ ತೆಳುಗೊಳಿಸುವ ಗುಳಿಗೆ, ಹೃದಯ ಮತ್ತು ಮಧುಮೇಹದ ಔಷಧಗಳನ್ನು ಮಾತ್ರ ಸ್ವಂತ ನಿರ್ಧಾರದಿಂದ ಒಂದು ದಿನವೂ ನಿಲ್ಲಿಸಬಾರದು. ಯಾವಾಗ ನಿಲ್ಲಿಸಬೇಕೆಂದು ಆ ವೈದ್ಯರೇ ಹೇಳಬೇಕು.

ಮನೆಯ ಸಿದ್ಧತೆ

ಶಸ್ತ್ರಚಿಕಿತ್ಸೆಯ ಬಳಿಕ ಕೆಲವು ವಾರ, ಬಹುತೇಕ ಸಂದರ್ಭಗಳಲ್ಲಿ ಆರರಿಂದ ಹನ್ನೆರಡು ವಾರ, ಸೊಂಟವನ್ನು ಲಂಬಕೋನಕ್ಕಿಂತ ಹೆಚ್ಚು ಮಡಿಸಬಾರದು, ಕಾಲ ಮೇಲೆ ಕಾಲು ಹಾಕಬಾರದು, ಕಾಲನ್ನು ಒಳಮುಖವಾಗಿ ತಿರುಗಿಸಬಾರದು ಎಂದು ವೈದ್ಯರು ಹೇಳುತ್ತಾರೆ. ಕೀಲು ಜಾರದಿರಲೆಂದು ಈ ನಿರ್ಬಂಧ. ಯಾವ ಭಾಗದಿಂದ ಶಸ್ತ್ರಚಿಕಿತ್ಸೆ ಮಾಡಿದ್ದಾರೆಂಬುದನ್ನು ಅವಲಂಬಿಸಿ ನಿಯಮಗಳು ಬದಲಾಗುವುದರಿಂದ ನಿಮ್ಮ ವೈದ್ಯರ ಮಾತೇ ಅಂತಿಮ. ಆದಕಾರಣ ಕಮೋಡಿನ ವ್ಯವಸ್ಥೆ, ಅದರ ಪಕ್ಕದಲ್ಲಿ ಹಿಡಿಕೆ, ಎತ್ತರದ ಮಂಚ, ತೋಳಿರುವ ಕುರ್ಚಿ ಇವು ಮೊದಲೇ ಸಿದ್ಧವಿರಲಿ. ಸ್ನಾನಕ್ಕೆ ಸ್ಟೂಲು ಇರಲಿ. ಜಾರುವ ಜಮಖಾನೆ, ಕಾಲಿಗೆ ತೊಡರುವ ವೈರುಗಳನ್ನು ತೆಗೆಯಿರಿ. ಹೊಸ್ತಿಲು ದಾಟುವ ಅಭ್ಯಾಸವನ್ನು ವಾಕರ್ ಸಹಿತ ಮಾಡಿರಿ.

ಪೂಜೆ, ಪಂಕ್ತಿ, ನಮಸ್ಕಾರ

ನಮ್ಮ ಭಕ್ತರಲ್ಲಿ ಅನೇಕರನ್ನು ಶಸ್ತ್ರಚಿಕಿತ್ಸೆಯಿಂದ ಹಿಂಜರಿಯುವಂತೆ ಮಾಡುವುದು ನೋವಿನ ಭಯವಲ್ಲ. "ಇನ್ನು ಪದ್ಮಾಸನದಲ್ಲಿ ಕುಳಿತು ಲಿಂಗಪೂಜೆ ಮಾಡಲಾಗದಲ್ಲ" ಎಂಬ ಕೊರಗು. ಈ ಒಂದೇ ಕಾರಣಕ್ಕೆ ಮೂರು ವರ್ಷ ಶಸ್ತ್ರಚಿಕಿತ್ಸೆಯನ್ನು ಮುಂದೂಡಿದ ತಾಯಿಯೊಬ್ಬರನ್ನು ನಾವು ಬಲ್ಲೆವು. ಆ ಮೂರು ವರ್ಷವೂ ಅವರು ನೆಲದ ಮೇಲೆ ಕುಳಿತಿರಲಿಲ್ಲ. ನೋವು ಕೂರಲು ಬಿಟ್ಟಿರಲಿಲ್ಲ. ಇಷ್ಟಲಿಂಗವು ಅಂಗೈಯಲ್ಲಿ ನೆಲಸುವಂಥದು. ಎತ್ತರದ ಕುರ್ಚಿಯಲ್ಲಿ ಬೆನ್ನು ನೆಟ್ಟಗಿಟ್ಟು ಕುಳಿತು, ಮುಂದೆ ಸಣ್ಣ ಮೇಜಿನ ಮೇಲೆ ವಿಭೂತಿ, ಪತ್ರೆ, ನೀರನ್ನು ಇರಿಸಿಕೊಂಡರೆ ಪೂಜೆಗೆ ಯಾವ ಕೊರತೆಯೂ ಆಗದು. ಕೀಲು ಬದಲಾವಣೆಗೆ ಮುಂಚಿನಿಂದಲೇ ಹೀಗೆ ಕುಳಿತು ರೂಢಿಸಿಕೊಂಡರೆ ಆಮೇಲೆ ಹೊಸತೆನಿಸುವುದಿಲ್ಲ. ದಾಸೋಹದ ಪಂಕ್ತಿಯಲ್ಲಿ ಮೇಜು ಕುರ್ಚಿ ಕೇಳಲು ಸಂಕೋಚ ಬೇಡ. ಗುರುಹಿರಿಯರಿಗೆ ಬಾಗಿ ಪಾದ ಮುಟ್ಟುವ ಬದಲು ನಿಂತೇ ಕೈಮುಗಿದರೆ ಸಾಕು.

ಇನ್ನೊಂದು ಪ್ರಶ್ನೆಯನ್ನು ನಮ್ಮಲ್ಲಿ ಆಗಾಗ ಕೇಳುತ್ತಾರೆ: ಶಸ್ತ್ರಚಿಕಿತ್ಸೆಯ ವೇಳೆ ಕೊರಳಲ್ಲಿರುವ ಲಿಂಗವನ್ನು ಏನು ಮಾಡಬೇಕು? ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ರಕ್ತಸ್ರಾವ ನಿಲ್ಲಿಸಲು ವಿದ್ಯುತ್ ಉಪಕರಣ ಬಳಸುವುದರಿಂದ ಮೈಮೇಲೆ ಲೋಹವಿದ್ದರೆ ಚರ್ಮ ಸುಡುವ ಅಪಾಯವುಂಟು. ಬೆಳ್ಳಿಯ ಕರಡಿಗೆ, ತಾಳಿ, ಕಾಲುಂಗುರ, ಬಳೆಗಳನ್ನು ತೆಗೆಯಲು ಹೇಳುವುದು ಇದಕ್ಕಾಗಿಯೇ. ಆ ದಿನ ಬೆಳಿಗ್ಗೆ ಗಲಿಬಿಲಿಯಾಗದಂತೆ, ವಾರ ಮುಂಚೆಯೇ ಅರಿವಳಿಕೆ ತಜ್ಞರೊಡನೆಯೂ ತಮ್ಮ ಗುರುಗಳೊಡನೆಯೂ ಮಾತನಾಡಿ, ಯಾರ ಕೈಯಲ್ಲಿ ಹೇಗೆ ಇರಿಸಬೇಕೆಂಬುದನ್ನು ನಿಶ್ಚಯಿಸಿಕೊಂಡಿರಿ.

ತಕ್ಷಣ ವೈದ್ಯರನ್ನು ಕಾಣಬೇಕಾದ ಲಕ್ಷಣಗಳು

ವ್ಯಾಯಾಮದ ವೇಳೆ ಎದೆನೋವು, ತಲೆಸುತ್ತು ಅಥವಾ ಅತಿ ಏದುಸಿರು ಬಂದರೆ, ಒಂದೇ ಮೀನಖಂಡ ಊದಿ ಬಿಸಿಯಾಗಿ ನೋಯತೊಡಗಿದರೆ, ಜ್ವರ ಬಂದರೆ, ಇದ್ದಕ್ಕಿದ್ದಂತೆ ಕಾಲೂರಲು ಆಗದಂತಾದರೆ ವ್ಯಾಯಾಮ ನಿಲ್ಲಿಸಿ ಅಂದೇ ವೈದ್ಯರನ್ನು ಕಾಣಿರಿ.

ಮನೆಮಂದಿಗೆ ನಮ್ಮ ವಿನಂತಿಯಿಷ್ಟು. ಹಿರಿಯರನ್ನು ಮಲಗಿಸಿ ಸೇವೆ ಮಾಡುವುದಕ್ಕಿಂತ, ಬೆಳಿಗ್ಗೆ ಸಂಜೆ ಅರ್ಧ ತಾಸು ಅವರ ಪಕ್ಕದಲ್ಲಿ ಕುಳಿತು ಎಣಿಕೆ ಹಾಕಿರಿ. ಗೋಡೆಯ ಕ್ಯಾಲೆಂಡರಿನಲ್ಲಿ ಅಂದಿನ ವ್ಯಾಯಾಮ ಮುಗಿದ ಗುರುತು ಮಾಡಿರಿ. ಮೊಮ್ಮಕ್ಕಳಿಗೆ ಈ ಕೆಲಸ ವಹಿಸಿದರೆ ಅವರು ಒಂದು ದಿನವೂ ತಪ್ಪಲು ಬಿಡುವುದಿಲ್ಲ. ಶಸ್ತ್ರಚಿಕಿತ್ಸೆ ಮುಗಿದು ಮನೆಗೆ ಬಂದ ಮೇಲೆ ಇವೇ ವ್ಯಾಯಾಮಗಳಲ್ಲಿ ಬಹುಪಾಲು ಮತ್ತೆ ಮಾಡಬೇಕಾಗುತ್ತದೆ. ಆಗ ಕಲಿಸಲು ಹೊಸದೇನೂ ಉಳಿದಿರುವುದಿಲ್ಲ.